ಮುತ್ತಜ್ಜನ ಜರ್ಮನ್ ಊರು: ಹುಡುಕಾಟ ಶುರು ಮಾಡುವುದು ಎಲ್ಲಿಂದ?

ಪ್ರಶ್ನೆ: ನಾನು ಹಾಸನದ ಕಡೆಯವಳು. ಮದುವೆಯಾದ ಮೇಲೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಯಜಮಾನರು ಇಲ್ಲಿಯವರೇ. ಅತ್ತೆಗೆ ಈಗ 78 ವರ್ಷ. ಅವರ ಮುತ್ತಜ್ಜ 1881ರಲ್ಲಿ ಹೆಂಡತಿ ಮಕ್ಕಳ ಜೊತೆ ಜರ್ಮನಿಯಿಂದ ಬಂದು ಡಾಡ್ಜ್ ಕೌಂಟಿಯಲ್ಲಿ ಜಮೀನು ಮಾಡಿದರಂತೆ. ಮನೆಯಲ್ಲಿ ಹೇಳುವ ಕಥೆ ಇಷ್ಟು: ಅವರು ಪ್ರಷ್ಯದವರು, ಬ್ರೆಮನ್‌ನಲ್ಲಿ ಹಡಗು ಹತ್ತಿದರು, ನ್ಯೂಯಾರ್ಕ್‌ನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುವ ಎಲ್ಲಿಸ್ ಐಲೆಂಡ್‌ನಲ್ಲಿ ಅಧಿಕಾರಿ ಅವರ ಮನೆತನದ ಹೆಸರನ್ನೇ ಬದಲಿಸಿಬಿಟ್ಟ. 1900ರ ಜನಗಣತಿಯಲ್ಲಿ ಬರೀ ‘ಜರ್ಮನಿ’ ಅಂತಿದೆ. ಮರಣ ಪತ್ರದಲ್ಲಿ ಹುಟ್ಟಿದ ಸ್ಥಳ ‘ಬ್ರೆಮನ್’. ಹಳೆಯ ಬೈಬಲ್ಲಿನ ಒಳಪುಟದಲ್ಲಿ ಪೆನ್ಸಿಲ್‌ನಲ್ಲಿ ‘ನೋಯೆನ್‌ಡಾರ್ಫ್’ ಅಂತ ಬರೆದಿದೆ. ಒಮ್ಮೆಯಾದರೂ ಆ ಊರು ನೋಡಬೇಕು ಅಂತ ಅತ್ತೆಗೆ ಆಸೆ. ಡಿಎನ್‌ಎ ಟೆಸ್ಟ್ ಮಾಡಿಸಿದರೆ ಊರು ಗೊತ್ತಾಗುತ್ತದೆಯೇ? ಒಂದು ಕಂಪನಿಯವರು ‘ಖಂಡಿತ ಹುಡುಕಿಕೊಡುತ್ತೇವೆ’ ಅಂತ 3,000 ಡಾಲರ್ ಮುಂಗಡ ಕೇಳುತ್ತಿದ್ದಾರೆ, ಕೊಡಬಹುದೇ? ಊರು ಸಿಕ್ಕರೆ ನನ್ನ ಮಗನಿಗೆ ಜರ್ಮನ್ ಪೌರತ್ವ ಸಿಗುತ್ತದೆಯೇ?

ಉತ್ತರ: ಕೇಳಿರುವುದು ನಾಲ್ಕೈದು ಪ್ರಶ್ನೆ. ಆದರೆ ಅತ್ತೆಯವರು ಓಡಾಡುವಷ್ಟು ಗಟ್ಟಿ ಇರುವಾಗಲೇ ಊರು ಯಾವುದು ಅಂತ ತಿಳಿಯಬೇಕು ಅನ್ನುವುದೇ ನಿಮ್ಮ ನಿಜವಾದ ಆತಂಕ ಅನ್ನಿಸುತ್ತದೆ. 1881ರಲ್ಲಿ ಬಂದು, ಒಂದೇ ಕೌಂಟಿಯಲ್ಲಿ ನೆಲೆ ನಿಂತ ರೈತ ಕುಟುಂಬ ಅಂದರೆ ಊರು ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಸದ್ಯಕ್ಕೆ ಜರ್ಮನಿಯ ದಾಖಲೆಗಳನ್ನು ಮರೆತುಬಿಡಿ. ಊರಿನ ಹೆಸರು ನಿಮ್ಮ ಮನೆಯಿಂದ ಒಂದೆರಡು ಗಂಟೆ ಡ್ರೈವ್ ಮಾಡಿದರೆ ಸಿಗುವ ಯಾವುದೋ ಚರ್ಚಿನ ಬೀರುವಿನಲ್ಲೇ ಇರಬಹುದು.

ಯಾಕೆ ಅಂದರೆ, ಆ ಕಾಲದ ಜರ್ಮನಿಯಲ್ಲಿ ಎಲ್ಲರ ಹೆಸರೂ ಒಂದೇ ಕಡೆ ಇರುವ ದಾಖಲೆ ಅಂತ ಯಾವುದೂ ಇರಲಿಲ್ಲ. ಹುಟ್ಟು, ಮದುವೆ, ಸಾವು ಎಲ್ಲವನ್ನೂ ಆಯಾ ಊರಿನ ಚರ್ಚಿನ ಪಾದ್ರಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಪ್ರಷ್ಯದಲ್ಲಿ ಸರ್ಕಾರಿ ನೋಂದಣಿ ಶುರುವಾಗಿದ್ದು 1874ರ ಅಕ್ಟೋಬರ್‌ನಲ್ಲಿ, ಇಡೀ ಜರ್ಮನಿಯಲ್ಲಿ 1876ರಿಂದ. ಅದೂ ಊರೂರಿನ ಕಚೇರಿಯಲ್ಲಿ. ಹಾಗಾಗಿ ಯಾವ ಊರು, ಯಾವ ಚರ್ಚು ಅಂತ ಗೊತ್ತಿಲ್ಲದೆ ಅಲ್ಲಿಗೆ ಹೋದರೆ ಅದೇ ಹೆಸರಿನವರು ಸಾಲಾಗಿ ಸಿಗುತ್ತಾರೆ. ಅವರಲ್ಲಿ ನಿಮ್ಮವರು ಯಾರು ಅಂತ ಹೇಳಲು ದಾರಿಯೇ ಇರುವುದಿಲ್ಲ.

ಮೊದಲು ಮನೆಯ ಕಥೆಯನ್ನು ಸ್ವಲ್ಪ ಜರಡಿ ಹಿಡಿಯೋಣ. ಎಲ್ಲಿಸ್ ಐಲೆಂಡ್ ಶುರುವಾಗಿದ್ದೇ 1892ರ ಜನವರಿ 1ರಂದು. ನಿಮ್ಮ ಹಿರಿಯರು ಬಂದಿದ್ದು ಅದಕ್ಕೂ 11 ವರ್ಷ ಮೊದಲು. ನ್ಯೂಯಾರ್ಕ್‌ನಲ್ಲಿ ಇಳಿದಿದ್ದರೆ ಅದು ಅಲ್ಲಿನ ಆಗಿನ ವಲಸೆ ಕೇಂದ್ರ ಕ್ಯಾಸಲ್ ಗಾರ್ಡನ್ ಇರಬೇಕು. ಅವರು ನ್ಯೂಯಾರ್ಕ್‌ಗೇ ಬಂದರು ಅಂತಲೂ ಹೇಳಲಾಗದು. ಬ್ರೆಮನ್‌ನ ನಾರ್ತ್ ಜರ್ಮನ್ ಲಾಯ್ಡ್ ಕಂಪನಿ 1868ರಿಂದ ಬಾಲ್ಟಿಮೋರ್‌ಗೆ ನೇರ ಹಡಗು ಬಿಡುತ್ತಿತ್ತು. ಬಾಲ್ಟಿಮೋರ್ ಆಂಡ್ ಒಹಾಯೊ ರೈಲ್ವೆಯವರ ಜೊತೆ ಒಪ್ಪಂದ ಇತ್ತು. ಹಡಗಿನಿಂದ ಇಳಿದವರು ಅಲ್ಲೇ ರೈಲು ಹತ್ತಿ ಪಶ್ಚಿಮದ ಕಡೆ ಹೊರಡಬಹುದಿತ್ತು. ವಿಸ್ಕಾನ್ಸಿನ್‌ಗೆ ಹೋಗುವ ರೈತರಿಗೆ ಇದು ಅನುಕೂಲದ ದಾರಿ. ನ್ಯೂಯಾರ್ಕ್ ಪಟ್ಟಿಗಳಲ್ಲಿ ಹೆಸರು ಸಿಗದೆ ಕೈಬಿಟ್ಟವರು ಬಾಲ್ಟಿಮೋರ್ ಪಟ್ಟಿಗಳನ್ನು ನೋಡಿಯೇ ಇರುವುದಿಲ್ಲ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅಧಿಕಾರಿ ಹೆಸರು ಬದಲಿಸಿದ ಅನ್ನುವ ಕಥೆ ಅಮೆರಿಕದ ಎಷ್ಟೋ ಮನೆಗಳಲ್ಲಿದೆ. ಅದನ್ನು ಯಾರೂ ಬೇಕಂತ ಹುಟ್ಟಿಸಿದ್ದಲ್ಲ. ಆದರೆ ನಡೆದದ್ದು ಹಾಗಲ್ಲ. ಪ್ರಯಾಣಿಕರ ಪಟ್ಟಿ ಬರೆಯುತ್ತಿದ್ದದ್ದು ಹಡಗು ಕಂಪನಿಯವರು. ಅಮೆರಿಕದ ಅಧಿಕಾರಿಗಳು ಆ ಪಟ್ಟಿ ಹಿಡಿದುಕೊಂಡು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು, ಅಷ್ಟೇ. ಹೆಸರು ಬದಲಾದದ್ದು ಆಮೇಲೆ, ಮೆಲ್ಲಗೆ. ಶಾಲೆಯ ಮೇಷ್ಟ್ರು ಒಂದು ಥರ ಬರೆದರು, ಜಮೀನಿನ ಗುಮಾಸ್ತ ಇನ್ನೊಂದು ಥರ. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಅಂದರೆ ಅನುಮಾನದಿಂದ ನೋಡುವ ಕಾಲ. ಮ್ಯೂಲರ್ ಇದ್ದವರು ಮಿಲ್ಲರ್ ಆದರು, ಷ್ಮಿಟ್ ಇದ್ದವರು ಸ್ಮಿತ್ ಆದರು. ಎಷ್ಟೋ ಚರ್ಚುಗಳು ಜರ್ಮನ್ ಬಿಟ್ಟು ಇಂಗ್ಲಿಷ್‌ಗೆ ಬಂದವು. ಮನೆಯಲ್ಲಿ ಊರಿನ ಮಾತು ನಿಂತುಹೋಗಿದ್ದೂ ಎಷ್ಟೋ ಕಡೆ ಆಗಲೇ. ಅತ್ತೆಯವರಿಗೆ ಹೆಚ್ಚು ಕೇಳಿ ಗೊತ್ತಿಲ್ಲ ಅಂದರೆ ಅದಕ್ಕೆ ಇದೂ ಒಂದು ಕಾರಣ ಇರಬಹುದು. ಹಿರಿಯರು ಭಯದಿಂದ ಬಾಯಿ ಮುಚ್ಚಿಕೊಂಡ ಕಾಲ ಅದು.

ಮಕ್ಕಳಿಗೆ ಇಟ್ಟ ಹೆಸರಿನ ಗೊಂದಲ ಇದಕ್ಕಿಂತ ಜಾಸ್ತಿ. ಜರ್ಮನ್ ಮಕ್ಕಳಿಗೆ ಬ್ಯಾಪ್ಟಿಸಮ್‌ನಲ್ಲಿ ಎರಡು ಮೂರು ಹೆಸರು ಇಡುತ್ತಿದ್ದರು. ಕರೆಯುತ್ತಿದ್ದದ್ದು ಎಷ್ಟೋ ಸಲ ಕೊನೆಯದರಿಂದ. ಯೋಹಾನ್ ಫ್ರೀಡ್ರಿಶ್ ವಿಲ್ಹೆಲ್ಮ್ ಅಂತ ಪುಸ್ತಕದಲ್ಲಿದ್ದವನು ಇಲ್ಲಿ ವಿಲಿಯಂ ಆಗಿರುತ್ತಾನೆ. ಹಡಗಿನ ಪಟ್ಟಿಯಲ್ಲಿ ಬರೀ ಫ್ರೀಡ್ರಿಶ್ ಅಂತಲೂ ಇರಬಹುದು. ಹಾಗಾಗಿ ಒಬ್ಬರ ಹೆಸರನ್ನು ಹುಡುಕಬೇಡಿ, ಇಡೀ ಕುಟುಂಬವನ್ನು ಹುಡುಕಿ. ಗಂಡ, ಹೆಂಡತಿ, ಮಕ್ಕಳ ವಯಸ್ಸು ಹೊಂದಿದರೆ ಹೆಸರಿನ ಕಾಗುಣಿತ ಎಷ್ಟೇ ಕೆಟ್ಟಿದ್ದರೂ ಅವರೇ ಅಂತ ಗೊತ್ತಾಗುತ್ತದೆ.

ಮರಣ ಪತ್ರದ ‘ಬ್ರೆಮನ್’ ಅನ್ನು ನಾನು ನಂಬುವುದಿಲ್ಲ. ಆ ಮಾಹಿತಿ ಕೊಟ್ಟವರು ಸತ್ತವರಲ್ಲವಲ್ಲ. ಮಗನೋ ಅಳಿಯನೋ ಕೊಟ್ಟಿರುತ್ತಾರೆ. ಅವರು ಕೇಳಿಸಿಕೊಂಡಿದ್ದು ‘ಬ್ರೆಮನ್‌ನಿಂದ ಬಂದೆವು’ ಅನ್ನುವ ಮಾತು. ಹಡಗು ಹತ್ತಿದ ಊರೇ ಹುಟ್ಟೂರಾಗಿ ಕಾಗದಕ್ಕೆ ಇಳಿದುಬಿಡುತ್ತದೆ.

ಇನ್ನು ಪ್ರಷ್ಯ. ಇದೊಂದು ಊರೂ ಅಲ್ಲ, ಸಣ್ಣ ಪ್ರಾಂತ್ಯವೂ ಅಲ್ಲ. ಪಶ್ಚಿಮದಲ್ಲಿ ರೈನ್ ನದಿಯಾಚೆಯಿಂದ ಪೂರ್ವದಲ್ಲಿ ರಷ್ಯದ ಗಡಿವರೆಗೆ ಹರಡಿದ್ದ ರಾಜ್ಯ. 1866ರ ಯುದ್ಧದ ನಂತರ ಹ್ಯಾನೋವರ್, ನಸ್ಸಾವ್, ಹೆಸ್ಸೆ-ಕಾಸೆಲ್ ಎಲ್ಲವನ್ನೂ ಅದು ನುಂಗಿತು. ನಮ್ಮ ನಿಘಂಟಿನ ಕಿಟ್ಟೆಲ್ ಅವರನ್ನೇ ನೋಡಿ. 1832ರಲ್ಲಿ ಅವರು ಹುಟ್ಟಿದ ರೆಸ್ಟರ್‌ಹಾಫೆ ಆಗ ಹ್ಯಾನೋವರ್ ರಾಜ್ಯದಲ್ಲಿತ್ತು. 1866ರ ನಂತರ ಅದೇ ಊರು ಪ್ರಷ್ಯ. ಆದರೆ ಕಿಟ್ಟೆಲ್ ಅವರ ಹುಟ್ಟೂರಿನ ಬಗ್ಗೆ ಯಾರಿಗೂ ಗೊಂದಲವಿಲ್ಲ. ಬಾಸೆಲ್ ಮಿಷನ್ ತನ್ನ ಪ್ರತಿಯೊಬ್ಬ ಮಿಷನರಿಯ ವಿವರ ಬರೆದಿಟ್ಟುಕೊಂಡಿತ್ತು. ಹಡಗಿನ ಕೆಳಮಾಳಿಗೆಯಲ್ಲಿ ಬಂದ ರೈತನ ವಿವರ ಹೀಗೆ ಬರೆದಿಟ್ಟುಕೊಂಡ ಸಂಸ್ಥೆ ಅಂದರೆ ಸಾಮಾನ್ಯವಾಗಿ ಒಂದೇ. ಅವನು ಅಮೆರಿಕದಲ್ಲಿ ಸೇರಿಕೊಂಡ ಚರ್ಚು.

ಅಲ್ಲಿಗೇ ಹೋಗೋಣ. ಡಾಡ್ಜ್ ಕೌಂಟಿಯ ಸುತ್ತ ಜರ್ಮನ್ ಲೂಥರನ್ (ಇದು ಪ್ರೊಟೆಸ್ಟಂಟ್ ಪಂಗಡ) ಚರ್ಚುಗಳು ದಂಡಿಯಾಗಿವೆ. ಪಾದ್ರಿಗಳೂ ಜರ್ಮನರೇ, ಬರೆಯುತ್ತಿದ್ದದ್ದೂ ಜರ್ಮನ್‌ನಲ್ಲೇ. ಕೋರ್ಟಿನ ಗುಮಾಸ್ತನಿಗೆ ‘ಜರ್ಮನಿ’ ಅಂದರೆ ಸಾಕಾಗಿತ್ತು. ಪಾದ್ರಿಗೆ ಸಾಕಾಗುತ್ತಿರಲಿಲ್ಲ. ಅವನಿಗೆ ಆ ಕಡೆಯ ಊರುಗಳು ಗೊತ್ತಿದ್ದವು, ಕಿವಿಗೆ ಬಿದ್ದ ಹೆಸರನ್ನು ಸರಿಯಾಗಿ ಬರೆಯಲು ಬರುತ್ತಿತ್ತು. ಮದುವೆ, ಮಕ್ಕಳ ಬ್ಯಾಪ್ಟಿಸಮ್, ಎಲ್ಲಕ್ಕಿಂತ ಹೆಚ್ಚಾಗಿ ಶವಸಂಸ್ಕಾರದ ಪುಸ್ತಕ ನೋಡಿ.

ಆ ಪುಟ ಹೇಗಿರುತ್ತದೆ ಅಂತ ಹೇಳುತ್ತೇನೆ, ಕಣ್ಣಿಗೆ ಬಿದ್ದಾಗ ಗುರುತು ಸಿಗಲಿ. ಉದ್ದುದ್ದ ಗೆರೆ ಎಳೆದ ದೊಡ್ಡ ಪುಸ್ತಕ. ಒಂದು ಸಾಲಿಗೆ ಒಬ್ಬರು. ಹೆಸರು, ತೀರಿಕೊಂಡ ದಿನ, ಮಣ್ಣಾದ ದಿನ, ವಯಸ್ಸು. ವಯಸ್ಸನ್ನು ವರ್ಷ, ತಿಂಗಳು, ದಿನ ಅಂತ ಮೂರು ಭಾಗ ಮಾಡಿ ಬರೆದಿರುತ್ತಾರೆ, ಅದರಿಂದ ಹಿಂದಕ್ಕೆ ಎಣಿಸಿದರೆ ಹುಟ್ಟಿದ ದಿನವೇ ಸಿಗುತ್ತದೆ. ‘ಗೆಬ್’ ಅನ್ನುವ ಮೂರಕ್ಷರದ ಮುಂದೆ ತಾರೀಖು ಇದ್ದರೆ ಅದು ಹುಟ್ಟಿದ ದಿನ. ಹೆಂಗಸರ ಹೆಸರಿನ ಜೊತೆ ಅದೇ ‘ಗೆಬ್’ ಬಂದು ಮುಂದೆ ಇನ್ನೊಂದು ಹೆಸರಿದ್ದರೆ ಅದು ತವರಿನ ಮನೆತನ. ಊರಿನ ಹೆಸರಾದ ಮೇಲೆ ‘ಕೆ’ ಮತ್ತು ‘ಆರ್’ ಅಕ್ಷರ, ಪಕ್ಕದಲ್ಲೊಂದು ಚುಕ್ಕಿ ಇದ್ದರೆ ಕುಣಿದಾಡಿ. ಅದು ಕ್ರೈಸ್, ಅಂದರೆ ಊರು ಯಾವ ಆಡಳಿತ ವಿಭಾಗಕ್ಕೆ ಸೇರಿದ್ದು ಅನ್ನುವುದು. ನಿಮಗೆ ಊರಿನಷ್ಟೇ ಮುಖ್ಯವಾಗಿ ಬೇಕಾಗಿರುವುದು ಇದು.

ಯಾಕೆ ಅಂದರೆ ನಿಮ್ಮ ಬೈಬಲ್ಲಿನ ‘ನೋಯೆನ್‌ಡಾರ್ಫ್’. ಅದು ಒಳ್ಳೆಯ ಸುಳಿವೇ. ಆದರೆ ಆ ಹೆಸರಿನ ಊರುಗಳು ಹಳೆಯ ಜರ್ಮನ್ ಸಾಮ್ರಾಜ್ಯದಲ್ಲಿ ಹತ್ತಾರಿದ್ದವು. ನಮ್ಮ ಕಡೆ ಹೊಸಹಳ್ಳಿ ಅಂದರೆ ಯಾವ ತಾಲ್ಲೂಕು ಅಂತ ಕೇಳುತ್ತೇವಲ್ವಾ, ಹಾಗೆ. ಅಂತರ್ಜಾಲದಲ್ಲಿ ಮೊದಲು ಕಂಡ ನೋಯೆನ್‌ಡಾರ್ಫ್‌ಗೆ ಟಿಕೆಟ್ ತೆಗೆದು ಹೋಗಿ, ಯಾರದೋ ಊರಿನಲ್ಲಿ ಫೋಟೋ ತೆಗೆಸಿಕೊಂಡು ಬಂದ ಕುಟುಂಬಗಳನ್ನು ನಾನು ಬಲ್ಲೆ. 1912ರಲ್ಲಿ ಪ್ರಕಟವಾದ ಮೇಯರ್ಸ್ ಅನ್ನುವ ಊರುಗಳ ಕೋಶ ಈಗ ಉಚಿತವಾಗಿ ಆನ್‌ಲೈನ್‌ನಲ್ಲಿದೆ. ಯಾವ ಊರು ಯಾವ ಕ್ರೈಸ್‌ಗೆ ಸೇರಿದ್ದು, ನೋಂದಣಿ ಕಚೇರಿ ಎಲ್ಲಿತ್ತು ಅಂತ ಅದರಲ್ಲಿ ಸಿಗುತ್ತದೆ. ನೋಯೆನ್‌ಡಾರ್ಫ್ ಅಂತ ಕೊಟ್ಟು ಪಟ್ಟಿಯನ್ನು ಒಮ್ಮೆ ನೋಡಿ. ಕ್ರೈಸ್ ಯಾಕೆ ಬೇಕು ಅಂತ ನಿಮಗೇ ಅರ್ಥವಾಗುತ್ತದೆ.

ಚರ್ಚು ಯಾವುದು ಅಂತ ಗೊತ್ತಿಲ್ಲದಿದ್ದರೆ ಸಮಾಧಿ ಎಲ್ಲಿದೆ ನೋಡಿ, ಮದುವೆ ಮಾಡಿಸಿದ ಪಾದ್ರಿಯ ಹೆಸರು ಕೌಂಟಿ ದಾಖಲೆಯಲ್ಲಿದೆಯೇ ನೋಡಿ. ವಿಸ್ಕಾನ್ಸಿನ್‌ನಲ್ಲಿ 1907ಕ್ಕಿಂತ ಹಿಂದಿನ ಹುಟ್ಟು, ಮದುವೆ, ಸಾವಿನ ದಾಖಲೆಗಳನ್ನು ಹುಡುಕಲು ಮ್ಯಾಡಿಸನ್‌ನ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿ ಒಳ್ಳೆಯ ಜಾಗ. ಜರ್ಮನ್ ಭಾಷೆಯ ಹಳೆಯ ಪತ್ರಿಕೆಗಳೂ ಅಲ್ಲಿವೆ. ಇಂಗ್ಲಿಷ್ ಪತ್ರಿಕೆ ‘ಹಳೆಯ ನಿವಾಸಿ ನಿಧನ’ ಅಂತ ಎರಡು ಸಾಲು ಬರೆದಿದ್ದರೆ, ಜರ್ಮನ್ ಪತ್ರಿಕೆ ಹುಟ್ಟೂರು, ಬಂದ ವರ್ಷ, ಅಣ್ಣತಮ್ಮಂದಿರು ಎಲ್ಲಿದ್ದಾರೆ ಅಂತೆಲ್ಲ ಬರೆದಿರುವುದುಂಟು.

ನಿಮ್ಮ ಹಿರಿಯರ ಸಾಲಿನಲ್ಲಿ ಊರೇ ಬರೆದಿಲ್ಲ ಅಂದರೆ? ಆಗ ಅವರ ಸುತ್ತಲಿನ ಜನರನ್ನು ಹಿಡಿಯಿರಿ. ನನ್ನ ಅನುಭವದಲ್ಲಿ ಗಂಟು ಬಿಚ್ಚುವುದು ಹೆಚ್ಚಾಗಿ ಇಲ್ಲೇ. ಆ ಕಾಲದಲ್ಲಿ ಯಾರೂ ಭೂಪಟ ನೋಡಿ ವಿಸ್ಕಾನ್ಸಿನ್‌ಗೆ ಬರಲಿಲ್ಲ. ಮೊದಲು ಬಂದ ಭಾವಮೈದುನ ಕಾಗದ ಬರೆದ, ಆಮೇಲೆ ಪಕ್ಕದ ಮನೆಯವರು ಬಂದರು, ಆಮೇಲೆ ಅರ್ಧ ಬೀದಿಯೇ ಬಂತು. 1882ರ ಒಂದೇ ವರ್ಷದಲ್ಲಿ ಸುಮಾರು 2.5 ಲಕ್ಷ ಜರ್ಮನರು ಅಮೆರಿಕಕ್ಕೆ ಬಂದಿಳಿದರು. ಆ ಅಲೆಯಲ್ಲಿ ಒಂದೇ ಸೀಮೆಯ ಜನ ಒಂದೇ ಕಡೆ ನೆಲೆ ನಿಂತರು. ಮಕ್ಕಳ ಬ್ಯಾಪ್ಟಿಸಮ್‌ಗೆ ಸಾಕ್ಷಿ ನಿಂತವರು ಯಾರು? ಜಮೀನಿನ ನಕ್ಷೆಯಲ್ಲಿ ಅಕ್ಕಪಕ್ಕದವರು ಯಾರು? ಹಡಗಿನ ಪಟ್ಟಿಯಲ್ಲಿ ಇವರ ಹಿಂದಿನ, ಮುಂದಿನ ಸಾಲಿನಲ್ಲಿ ಇದ್ದವರಲ್ಲಿ ಯಾರಾದರೂ ಮತ್ತೆ ಡಾಡ್ಜ್ ಕೌಂಟಿಯಲ್ಲಿ ಕಾಣುತ್ತಾರಾ? ಅವರಲ್ಲಿ ಮೂವರ ಊರು ಒಂದೇ ಕ್ರೈಸ್‌ನಲ್ಲಿ ಬಂದರೆ, ಆ ಕ್ರೈಸ್‌ನಲ್ಲಿ ನೋಯೆನ್‌ಡಾರ್ಫ್ ಒಂದು ಇದ್ದರೆ, ನೀವು ಹತ್ತಿರ ಬಂದಿರಿ ಅಂತಲೇ ಅರ್ಥ. ಹೆಣ್ಣುಮಕ್ಕಳನ್ನು ಬಿಡಬೇಡಿ. ಮುತ್ತಜ್ಜಿಯ ಅಣ್ಣನ ದಾಖಲೆಯಲ್ಲಿ ಊರು ಸ್ಪಷ್ಟವಾಗಿ ಬರೆದಿರಬಹುದು.

ನನ್ನ ಊಹೆ ಹೇಳಬಹುದಾದರೆ ಪೊಮೆರೇನಿಯ. ಡಾಡ್ಜ್ ಕೌಂಟಿಗೆ ಆ ಪ್ರಾಂತ್ಯದಿಂದ ತುಂಬಾ ಜನ ಬಂದಿದ್ದಾರೆ, ಅದು ಪ್ರಷ್ಯಕ್ಕೆ ಸೇರಿತ್ತು, ಅಲ್ಲಿನ ಬಹುಪಾಲು ಜನ ಲೂಥರನ್ನರು. ಆದರೆ ಊಹೆಯನ್ನು ಊಹೆ ಅಂತಲೇ ಇಟ್ಟುಕೊಳ್ಳಿ. ವಂಶವೃಕ್ಷದ ವೆಬ್‌ಸೈಟ್‌ಗಳಲ್ಲಿ ಯಾರೋ ಒಬ್ಬರು ಊಹಿಸಿ ಹಾಕಿದ ಊರನ್ನು ಉಳಿದವರೆಲ್ಲ ನಕಲು ಮಾಡಿ, ಕೊನೆಗೆ ಅದೇ ಸತ್ಯ ಅನ್ನಿಸುವಂತೆ ಆಗಿರುತ್ತದೆ. ಮೂಲ ದಾಖಲೆಯ ಚಿತ್ರ ಇಲ್ಲದ ಯಾವ ಊರನ್ನೂ ಒಪ್ಪಬೇಡಿ.

ಹಡಗಿನ ಪಟ್ಟಿಗಳ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಬ್ರೆಮನ್‌ನಲ್ಲಿ ಹೊರಟವರ ಪಟ್ಟಿಗಳನ್ನು ಜಾಗ ಸಾಲದು ಅಂತ ಅಲ್ಲಿನವರೇ ನಾಶ ಮಾಡಿದರು, ಉಳಿದದ್ದರಲ್ಲಿ ಬಹುಪಾಲು ಎರಡನೇ ಮಹಾಯುದ್ಧದಲ್ಲಿ ಹೋಯಿತು. 1881ರದ್ದು ಇಲ್ಲ. ಅಮೆರಿಕದಲ್ಲಿ ಇಳಿದಾಗಿನ ಪಟ್ಟಿಗಳು ಉಳಿದಿವೆ, ಅವುಗಳಲ್ಲಿ ಸಾಮಾನ್ಯವಾಗಿ ಹೆಸರು, ವಯಸ್ಸು, ಕಸುಬು, ದೇಶ ಇಷ್ಟೇ. ಆದರೂ ಹ್ಯಾಂಬರ್ಗ್ ಪಟ್ಟಿಗಳನ್ನು ಒಮ್ಮೆ ನೋಡಿಬಿಡಿ. 1850ರಿಂದ 1934ರವರೆಗಿನವು ಬಹುಪಾಲು ಉಳಿದಿವೆ, ಹೊರಟ ಊರನ್ನೂ ಬರೆದಿರುತ್ತಾರೆ. ಪೊಮೆರೇನಿಯದವರಿಗೆ ಹ್ಯಾಂಬರ್ಗ್ ದೂರವೇನಲ್ಲ. ಮನೆಯವರು ಬ್ರೆಮನ್ ಅನ್ನುತ್ತಿದ್ದರೂ ಹೊರಟಿದ್ದು ಹ್ಯಾಂಬರ್ಗ್‌ನಿಂದ ಇರಬಹುದು. ಅಲ್ಲಿಂದ ಕೆಲವರು ಇಂಗ್ಲೆಂಡಿನ ಹಲ್ ಬಂದರಿಗೆ ಹೋಗಿ, ರೈಲಿನಲ್ಲಿ ಲಿವರ್‌ಪೂಲ್‌ಗೆ ಹೋಗಿ, ಅಲ್ಲಿ ದೊಡ್ಡ ಹಡಗು ಹತ್ತುತ್ತಿದ್ದರು. ಆ ಪಟ್ಟಿ ಬೇರೆಯೇ ಇದೆ. ಎರಡನ್ನೂ ನೋಡಿ.

ಅಮೆರಿಕದ ಪೌರತ್ವಕ್ಕೆ ಹಾಕಿದ ಅರ್ಜಿಗಳಿಂದಲೂ ಹೆಚ್ಚು ಸಿಗುವುದಿಲ್ಲ. 1906ರ ಸೆಪ್ಟೆಂಬರ್‌ಗಿಂತ ಹಿಂದಿನ ಅರ್ಜಿಗಳಲ್ಲಿ ಜರ್ಮನ್ ಚಕ್ರವರ್ತಿಯ ನಿಷ್ಠೆ ಬಿಟ್ಟೆ ಅಂತ ಇರುತ್ತದೆಯೇ ಹೊರತು ಊರು ಅಪರೂಪ. ಬಂದ ವರ್ಷ ಖಚಿತಪಡಿಸಿಕೊಳ್ಳಲು ಮಾತ್ರ ತೆಗೆಸಿ.

ಊರು ಮತ್ತು ಕ್ರೈಸ್ ಎರಡೂ ಕೈಗೆ ಬಂದ ಮೇಲೆ ಸಮುದ್ರ ದಾಟಿ. ವಂಶಾವಳಿ ದಾಖಲೆಗಳ ತಾಣ ಫ್ಯಾಮಿಲಿಸರ್ಚ್ ಉಚಿತ, ಅಲ್ಲಿಂದ ಶುರು ಮಾಡಿ. ಪ್ರೊಟೆಸ್ಟಂಟ್ ಚರ್ಚ್ ಪುಸ್ತಕಗಳಿಗೆ ಆರ್ಕಿಯೋನ್ ಅನ್ನುವ ತಾಣ ಇದೆ, ಅದಕ್ಕೆ ಹಣ ಕೊಡಬೇಕು. ಪೂರ್ವ ಪೊಮೆರೇನಿಯ ಆಗಿದ್ದರೆ ಆ ನೆಲ 1945ರ ನಂತರ ಪೋಲೆಂಡ್‌ಗೆ ಸೇರಿತು, ಊರುಗಳ ಹೆಸರೂ ಬದಲಾಯಿತು. ಷ್ಟೆಟಿನ್ ಈಗ ಶ್ಚೆಚಿನ್, ರೇಗೆನ್‌ವಾಲ್ಡೆ ಈಗ ರೆಸ್ಕೊ. ಹಳೆಯ ಹೆಸರಿನಿಂದ ಹೊಸದನ್ನು ತಿಳಿಯಲು ಕಾರ್ಟನ್‌ಮೈಸ್ಟರ್ ತಾಣ ನೆರವಾಗುತ್ತದೆ. ಉಳಿದಿರುವ ನೋಂದಣಿ ಪುಸ್ತಕಗಳು ಶ್ಚೆಚಿನ್ ಮತ್ತು ಕೊಷಾಲಿನ್‌ನ ಸರ್ಕಾರಿ ದಾಖಲೆ ಭಂಡಾರಗಳಲ್ಲಿವೆ. ಎಷ್ಟೋ ಚರ್ಚ್ ಪುಸ್ತಕಗಳು ಯುದ್ಧದಲ್ಲಿ ಕಾಣೆಯಾದವು. ಹಾಗಾಗಿ ಊರು ಸಿಕ್ಕಿದರೂ ಅವರ ತಂದೆ ತಾಯಿಯ ಹೆಸರು ಸಿಗದೇ ಹೋಗಬಹುದು. ಇದನ್ನು ಅತ್ತೆಯವರಿಗೆ ಮೊದಲೇ ಹೇಳಿಡಿ.

ಓದುವ ಕಷ್ಟ ಇನ್ನೊಂದು. ಆಗಿನ ಕುರೆಂಟ್ ಕೈಬರಹ ಇವತ್ತಿನ ಜರ್ಮನರಿಗೂ ಸುಲಭವಲ್ಲ. ‘ಇ’ ಮತ್ತು ‘ಎನ್’ ಅಕ್ಷರಗಳು ಅವಳಿಗಳಂತೆ ಕಾಣುತ್ತವೆ. ಊರಿನ ಹೆಸರನ್ನು ಒಬ್ಬರೇ ಓದಿ ತೀರ್ಮಾನಿಸಬೇಡಿ. ಅದೇ ಪುಟದಲ್ಲಿ ಗೊತ್ತಿರುವ ಹೆಸರುಗಳನ್ನು ಮೊದಲು ಓದಿ, ಆ ಪಾದ್ರಿಯ ಕೈ ಪರಿಚಯ ಮಾಡಿಕೊಂಡು ಆಮೇಲೆ ಊರಿಗೆ ಬನ್ನಿ.

ಡಿಎನ್‌ಎ ಟೆಸ್ಟ್ ಊರನ್ನು ಹೇಳುವುದಿಲ್ಲ. ‘ಜರ್ಮಾನಿಕ್ ಯುರೋಪ್’ ಅಂತ ಒಂದು ಶೇಕಡಾವಾರು ಕೊಡುತ್ತದೆ, ಅದು ನಿಮಗೆ ಗೊತ್ತಿರುವುದೇ. ಪ್ರಯೋಜನ ಇರುವುದು ದೂರದ ನೆಂಟರು ಸಿಗುವುದರಲ್ಲಿ. ಅವರಲ್ಲಿ ಯಾರದೋ ಮನೆಯಲ್ಲಿ ಹಳೆಯ ಕಾಗದ ಉಳಿದಿರಬಹುದು. ಮಾಡಿಸುವುದಾದರೆ ಅತ್ತೆಯವರದ್ದು ಮಾಡಿಸಿ, ನಿಮ್ಮ ಮಗನದ್ದಲ್ಲ. ಅವರು ಆ ಹಿರಿಯರಿಗೆ ಎರಡು ತಲೆಮಾರು ಹತ್ತಿರ. ಅಪಾಯವೂ ಇದೆ. ಮನೆಯವರಿಗೇ ಗೊತ್ತಿಲ್ಲದ ಸಂಬಂಧಗಳು ಹೊರಬರಬಹುದು. 2023ರಲ್ಲಿ ಒಂದು ದೊಡ್ಡ ಕಂಪನಿಯಿಂದ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಸೋರಿತು. ಅತ್ತೆಯವರಿಗೆ ಇದೆಲ್ಲ ತಿಳಿಸಿ, ಅವರು ಒಪ್ಪಿದರೆ ಮಾತ್ರ.

‘ಖಂಡಿತ’ ಅನ್ನುವ ಕಂಪನಿಗೆ ಮುಂಗಡ ಕೊಡಬೇಡಿ. ದಾಖಲೆ ಉಳಿದಿದೆಯೋ ಇಲ್ಲವೋ ನೋಡುವ ಮೊದಲೇ ಖಂಡಿತ ಅನ್ನಲು ಈ ಕೆಲಸದಲ್ಲಿ ಯಾರಿಂದಲೂ ಆಗದು. ಹಣ ಕೊಟ್ಟು ಸಹಾಯ ಪಡೆಯುವುದು ತಪ್ಪೇನಲ್ಲ. ಆದರೆ ಗಂಟೆಗೆ ಇಷ್ಟು ಅಂತ ತೆಗೆದುಕೊಳ್ಳುವವರನ್ನು ಹುಡುಕಿ, ಐದಾರು ಗಂಟೆಯ ಕೆಲಸ ಮಾತ್ರ ಮೊದಲು ಕೊಡಿ, ಏನು ನೋಡಿದರು, ಏನು ಸಿಗಲಿಲ್ಲ ಎರಡನ್ನೂ ಬರೆದುಕೊಡಲು ಕೇಳಿ. ಕುರೆಂಟ್ ಓದಿಸಲು ಮತ್ತು ಪೋಲೆಂಡ್‌ನ ದಾಖಲೆ ಭಂಡಾರಕ್ಕೆ ಹೋಗಿ ನೋಡಲು ಹಣ ಖರ್ಚು ಮಾಡಿದರೆ ಸಾರ್ಥಕ. ಡಾಡ್ಜ್ ಕೌಂಟಿಯ ಚರ್ಚಿಗೆ ಫೋನ್ ಮಾಡುವುದನ್ನು ನೀವೇ ಮಾಡಬಹುದು.

ಮಗನ ಪೌರತ್ವದ ಆಸೆ ಈ ಹಿರಿಯರ ಮೂಲಕ ಈಡೇರುವುದು ಕಷ್ಟ. 1870ರ ಜರ್ಮನ್ ಕಾನೂನಿನ ಪ್ರಕಾರ 10 ವರ್ಷ ಸತತವಾಗಿ ಹೊರದೇಶದಲ್ಲಿದ್ದವರ ಪೌರತ್ವ ತಾನಾಗಿಯೇ ಹೋಗುತ್ತಿತ್ತು, ಜೊತೆಯಲ್ಲಿದ್ದ ಹೆಂಡತಿ ಮತ್ತು ಚಿಕ್ಕ ಮಕ್ಕಳದ್ದೂ. ಕಾನ್ಸುಲೇಟ್‌ನಲ್ಲಿ ಹೆಸರು ಬರೆಸಿಕೊಂಡವರಿಗೆ ಮಾತ್ರ ವಿನಾಯಿತಿ, ಹಾಗೆ ಬರೆಸಿದ ರೈತರು ಬಲು ವಿರಳ. ಈ ನಿಯಮ 1914ರ ಜನವರಿಯಲ್ಲಿ ಹೋಯಿತು. 1881ರಲ್ಲಿ ಬಂದವರಿಗೆ 1891ರಲ್ಲೇ ಗಡುವು ಮುಗಿದಿದೆ. ಅದಕ್ಕಾಗಿ ಏಜೆಂಟರಿಗೆ ದುಡ್ಡು ಸುರಿಯಬೇಡಿ.

ಈಗ ಮಾಡಬೇಕಾದ್ದು. ಈ ಭಾನುವಾರವೇ ಅತ್ತೆಯವರ ಹತ್ತಿರ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ‘ಯಾವ ಊರು’ ಅಂತ ಕೇಳಿದರೆ ‘ಗೊತ್ತಿಲ್ಲ’ ಅಂತಾರೆ. ಹಾಗೆ ಕೇಳಬೇಡಿ. ಚಿಕ್ಕಂದಿನಲ್ಲಿ ಮನೆಗೆ ಬರುತ್ತಿದ್ದ ಹಳೆಯ ನೆಂಟರು ಯಾರು, ಯಾವ ಸಮಾಧಿಗೆ ಹೂವು ಇಡುತ್ತಿದ್ದರು, ಅಜ್ಜಿ ಯಾವ ಚರ್ಚಿಗೆ ಹೋಗುತ್ತಿದ್ದರು, ಅಲ್ಲಿ ಜರ್ಮನ್ ಪ್ರಾರ್ಥನೆ ಇತ್ತೇ, ಯಾರ ಮನೆಯ ಜೊತೆ ಮಾತು ಬಿಟ್ಟಿದ್ದರು ಅಂತ ಕೇಳಿ. ಬೈಬಲ್ಲನ್ನು ಎದುರಿಗಿಟ್ಟುಕೊಂಡು ಪುಟ ಪುಟ ತಿರುಗಿಸಿ. ಜರ್ಮನ್ ಮನೆಗಳಲ್ಲಿ ಕನ್‌ಫರ್ಮೇಶನ್ ಪತ್ರ (ಬೆಳೆದ ಮಕ್ಕಳನ್ನು ಚರ್ಚಿಗೆ ವಿಧಿವತ್ತಾಗಿ ಸೇರಿಸಿಕೊಂಡಾಗ ಕೊಡುವುದು), ಶ್ರದ್ಧಾಂಜಲಿ ಚೀಟಿ, ಪತ್ರಿಕೆಯ ತುಣುಕು ಎಲ್ಲ ಅದರೊಳಗೇ ಇಡುತ್ತಿದ್ದರು. ಪೆನ್ಸಿಲ್ ಬರಹವನ್ನು ಅಳಿಸಿ ತಿದ್ದಬೇಡಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ನೋಯೆನ್‌ಡಾರ್ಫ್ ಆದ ಮೇಲೆ ಮಾಸಿಹೋದ ಇನ್ನೆರಡು ಅಕ್ಷರ ಕಾಣಿಸಬಹುದು.

ಆಮೇಲೆ ಚರ್ಚಿನ ಕಚೇರಿಗೆ ಒಂದು ಚಿಕ್ಕ ಪತ್ರ ಬರೆಯಿರಿ. ಇಡೀ ವಂಶದ ಕಥೆ ಬೇಡ. ಒಬ್ಬರ ಹೆಸರು, ತೀರಿಕೊಂಡ ವರ್ಷ, ಶವಸಂಸ್ಕಾರದ ಪುಸ್ತಕದ ಆ ಸಾಲಿನ ಫೋಟೋ ಬೇಕು ಅಂತ ಕೇಳಿ. ಬೆರಳಚ್ಚು ಮಾಡಿದ ಅನುವಾದ ಕೊಡುತ್ತೇವೆ ಅಂದರೂ ಮೂಲದ ಫೋಟೋವೇ ಬೇಕು ಅನ್ನಿ. ಅನುವಾದ ಮಾಡಿದವರು ಎಷ್ಟೋ ಸಲ ಊರಿನ ಹೆಸರು ಓದಲಾಗದೆ ಬಿಟ್ಟುಬಿಟ್ಟಿರುತ್ತಾರೆ. ಆ ಚರ್ಚು ಮುಚ್ಚಿದ್ದರೆ ಪುಸ್ತಕ ಪಕ್ಕದ ಚರ್ಚಿಗೋ ಆ ಪಂಗಡದ ದಾಖಲೆ ಭಂಡಾರಕ್ಕೋ ಹೋಗಿರುತ್ತದೆ, ಎಲ್ಲಿ ಅಂತ ವಿಚಾರಿಸಿ. ಕೆಲಸ ಮಾಡುವವರು ಹೆಚ್ಚಾಗಿ ವಯಸ್ಸಾದ ಸ್ವಯಂಸೇವಕರು. ಪತ್ರದ ಜೊತೆ ಚರ್ಚಿಗೆ ಒಂದು ಸಣ್ಣ ದೇಣಿಗೆ ಇಡಿ, ಉತ್ತರಕ್ಕೆ ಒಂದು ತಿಂಗಳು ಕಾಯಿರಿ, ಬಾರದಿದ್ದರೆ ಅತ್ತೆಯವರನ್ನೇ ಕರೆದುಕೊಂಡು ಒಂದು ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಹೋಗಿ. ಪ್ರಾರ್ಥನೆ ಮುಗಿದ ಮೇಲೆ ಕಾಫಿ ಇರುತ್ತದೆ, ಹಳಬರು ಆಗ ಮಾತಿಗೆ ಸಿಗುತ್ತಾರೆ.